ನಡೆಯುವವರಿಗೆ ನರ್ಸಬಾಯಿಯ ಕಿವಿಮಾತು

ಬೇಮಳಖೇಡ ಹೋಬಳಿಯ ಹಾದಿಗಳು ನನಗೆ ಬಾಯಿಪಾಠವಾದದ್ದು ನೌಕರಿಯಿಂದ. ಹೆಗಲಿಗೆ ಲಸಿಕೆ ಡಬ್ಬಿ, ಕಂಕುಳಲ್ಲಿ ರಜಿಸ್ಟರು. ಬಸ್ಸು ನಿಂತ ಕಡೆ ಇಳಿದರೆ ಮುಂದಿನದೆಲ್ಲ ಕಾಲುಹಾದಿ. 1995ರಲ್ಲಿ ಪಲ್ಸ್ ಪೋಲಿಯೊ ಶುರುವಾದ ಮೇಲೆ ಹೊಲದಲ್ಲಿ ಗುಡಿಸಲು ಹಾಕಿಕೊಂಡವರ ಕೂಸುಗಳನ್ನೂ ಹುಡುಕಿಕೊಂಡು ಹೋಗಬೇಕಾಯಿತು. ನೌಕರಿ ಮುಗಿದು ವರ್ಷಗಳಾದರೂ ಜನ ನನ್ನನ್ನು ನರ್ಸಬಾಯಿ ಅಂತಲೇ ಕರೆಯುತ್ತಾರೆ. ವಾರಕ್ಕೊಬ್ಬರಾದರೂ ಡಾಕ್ಟರ ಚೀಟಿ ಹಿಡಿದು ಮನೆಗೆ ಬರುತ್ತಾರೆ. "ಶುಗರ್ ಬಂದದ ಬಾಯಿ, ದಿನಾ ನಡೀರಿ ಅಂದಾರ. ಎಲ್ಲಿ ನಡೀಲಿ?"

ಎಲ್ಲಿ ಅನ್ನುವುದಕ್ಕಿಂತ ಮೊದಲು ಯಾವ ಮಣ್ಣು, ಯಾವ ಹಂಗಾಮು, ಯಾವ ಹೊತ್ತು ಅಂತ ಕೇಳಿಕೊಳ್ಳಬೇಕು. ನಮ್ಮ ಸೀಮೆಯಲ್ಲಿ ಈ ಮೂರನ್ನು ನೋಡಿ ಹೊರಟವರು ವರ್ಷಗಟ್ಟಲೆ ನಡೆಯುತ್ತಾರೆ, ನೋಡದೆ ಹೊರಟವರು ಹದಿನೈದು ದಿನಕ್ಕೆ ಬಿಡುತ್ತಾರೆ. ಬಂದವರಿಗೆಲ್ಲ ಒಬ್ಬೊಬ್ಬರಿಗೆ ಹೇಳಿದ್ದನ್ನು ಈಗ ಒಂದೇ ಕಡೆ ಬರೆದಿದ್ದೇನೆ.

• ಮಳೆಗಾಲದಲ್ಲಿ ಕೆಂಪು ಮಣ್ಣಿನ ಹಾದಿ ಹಿಡಿಯಿರಿ. ಬೀದರ್, ಹುಮನಾಬಾದ್, ಚಿಟಗುಪ್ಪ ಕಡೆ ಜಂಬಿಟ್ಟಿಗೆ ಕಲ್ಲಿನ ನೆಲ ಬಹಳ. ಅದರ ಮೇಲಿನ ಮುರುಮು ನೀರನ್ನು ಹೀರಿಕೊಂಡು ಬಿಡುತ್ತದೆ. ರಾತ್ರಿ ಜೋರು ಮಳೆಯಾಗಿದ್ದರೂ ಬೆಳಗ್ಗೆ ಕಾಲಿಡಬಹುದು. ಎರೆ ಹೊಲದ ಹಾದಿ ಹಾಗಲ್ಲ. ಒಂದು ಸಲ ಮೃಗಶಿರಾ ಮಳೆ ಬಿದ್ದ ಮರುದಿನ ಎರೆಯಲ್ಲಿ ಲಸಿಕೆ ಡಬ್ಬಿ ಹೊತ್ತು ಹೊರಟಿದ್ದೆ. ಹತ್ತು ಹೆಜ್ಜೆಗೆ ಚಪ್ಪಲಿಯ ಕೆಳಗೆ ಇನ್ನೊಂದು ಮಣ್ಣಿನ ಚಪ್ಪಲಿ ಬೆಳೆಯಿತು, ಇಪ್ಪತ್ತಕ್ಕೆ ಅದು ಅಂಗೈ ದಪ್ಪ. ಕಡ್ಡಿ ತಗೊಂಡು ಕೆರೆದು ಬಿಸಾಡಿದರೆ ಮತ್ತೆ ಹತ್ತು ಹೆಜ್ಜೆಗೆ ಅಷ್ಟೇ. ಕೊನೆಗೆ ಒಂದು ಚಪ್ಪಲಿಯ ಉಂಗುಷ್ಠ ಕಿತ್ತು ಎರೆಯೊಳಗೇ ಉಳಿಯಿತು. ಅಂಥ ನೆಲದಲ್ಲಿ ಹಿಮ್ಮಡಿಯ ನರ ಎಳೆಯುತ್ತದೆ, ಮೊಣಕಾಲು ಹೊರಳುತ್ತದೆ. ದೀಪಾವಳಿ ದಾಟಿ ಎರೆ ಗಟ್ಟಿಯಾಗುವ ತನಕ ಅದರ ಕಡೆ ಹೋಗಬೇಡಿ. ಗಟ್ಟಿಯಾದ ಮೇಲೂ ಬೇಸಿಗೆಯಲ್ಲಿ ಎರೆ ಬಿರುಕು ಬಿಡುತ್ತದೆ, ಪಾದ ಹೊಗುವಷ್ಟು. ಬಿರುಕಿನ ಹೊಲ ಬಿಟ್ಟು ಬಂಡಿ ಹಾದಿಯಲ್ಲೇ ಇರಿ.

• ಮೊದಲ ವಾರ ಹತ್ತೇ ನಿಮಿಷ. ಹೋಗಲು ಐದು, ಬರಲು ಐದು. ಉಮೇದಿನಲ್ಲಿ ಮೊದಲ ದಿನವೇ ಮನ್ನಾಎಖೇಳ್ಳಿ ರಸ್ತೆ ಹಿಡಿದು ತಾಸುಗಟ್ಟಲೆ ನಡೆದು, ಮರುದಿನ ಮಂಚ ಬಿಟ್ಟು ಏಳದವರನ್ನು ಎಷ್ಟೋ ಮಂದಿ ನೋಡಿದ್ದೇನೆ. ವಾರಕ್ಕೆ ಐದೈದು ನಿಮಿಷ ಏರಿಸಿ. ಐದನೇ ವಾರಕ್ಕೆ ಅರ್ಧ ತಾಸು ತಾನೇ ಆಗುತ್ತದೆ.

• ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಲೆಕ್ಕ ವಾರಕ್ಕೆ ಕನಿಷ್ಠ 150 ನಿಮಿಷ. ಅಂದರೆ ಐದು ದಿನ, ದಿನಕ್ಕೆ ಅರ್ಧ ತಾಸು. ಒಂದೇ ಸಲ ಆಗದಿದ್ದರೆ ಹತ್ತತ್ತು ನಿಮಿಷ ಮೂರು ಸಲ ನಡೆಯಿರಿ. ಊಟವಾದ ಮೇಲೆ ಹತ್ತು ನಿಮಿಷ ಓಣಿಯಲ್ಲಿ ಅಡ್ಡಾಡಿದರೆ ಊಟದಿಂದ ಏರುವ ಸಕ್ಕರೆ ಅಷ್ಟು ಏರುವುದಿಲ್ಲ. ಮೊಬೈಲಿನಲ್ಲಿ ಹತ್ತು ಸಾವಿರ ಹೆಜ್ಜೆ ತುಂಬಲಿಲ್ಲ ಅಂತ ಹುಡುಗರು ಮುಖ ಸಣ್ಣ ಮಾಡುತ್ತಾರೆ. ಆ ಹತ್ತು ಸಾವಿರದ ಮೂಲ 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರು. ಡಾಕ್ಟರು ಬರೆದುಕೊಟ್ಟ ಮಾತ್ರೆಯಂತೆ ಅದನ್ನು ನೋಡಬೇಡಿ. ಕೂತೇ ಇದ್ದವರಿಗೆ ಮೂರು ನಾಲ್ಕು ಸಾವಿರ ಹೆಜ್ಜೆಗೂ ಗುಣ ಕಾಣುತ್ತದೆ.

• ನಡಿಗೆಯ ಬಿರುಸು ಅಳೆಯಲು ಯಂತ್ರ ಬೇಡ. ಜೊತೆಗಿದ್ದವರೊಡನೆ ಮಾತಾಡಲು ಬರಬೇಕು, ಪದ ಹಾಡಲು ಉಸಿರು ಸಾಲಬಾರದು. ಅಷ್ಟು ಬಿರುಸು ಸಾಕು. ಹಾಡಲು ಬಂದರೆ ಇನ್ನೊಂದಿಷ್ಟು ಜೋರು ಹಾಕಿ, ಮಾತೇ ಬರದಿದ್ದರೆ ತಗ್ಗಿಸಿ. ಎದೆ ಹಿಡಿದಂತಾಯಿತು, ಎಡ ತೋಳು ಅಥವಾ ದವಡೆ ಜಗ್ಗಿತು, ತಣ್ಣನೆ ಬೆವರು ಬಂತು ಅಂದರೆ ಅಲ್ಲೇ ಕೂತು 108ಕ್ಕೆ ಫೋನ್ ಮಾಡಿಸಿ. "ಗ್ಯಾಸು ಇರಬೇಕು" ಅಂತ ಮನೆ ತನಕ ನಡೆದು ಬಂದು ಸತ್ತವರು ನಮ್ಮ ಕಡೆ ಇದ್ದಾರೆ.

• ಹೊತ್ತಿನ ವಿಚಾರ. ಬೀದರ್ ಸೀಮೆಯಲ್ಲಿ ಡಿಸೆಂಬರಿನಲ್ಲಿ ಹೊತ್ತು ಮೂಡುವುದು ಆರೂವರೆ ದಾಟಿದ ಮೇಲೆ, ಮೇ ತಿಂಗಳಲ್ಲಿ ಆರಕ್ಕೂ ಮುಂಚೆ. ವರ್ಷವಿಡೀ ಐದಕ್ಕೇ ಏಳುತ್ತೇನೆ ಅನ್ನುವ ಹಟ ಬೇಡ. ಬೇಸಿಗೆಯಲ್ಲಿ ಐದೂವರೆಗೆ ಹೊರಟು ಏಳರೊಳಗೆ ಮನೆ ಸೇರಿ, ಎಂಟರ ಬಿಸಿಲು ಮೈ ಸುಡುತ್ತದೆ. ಚಳಿಗಾಲದಲ್ಲಿ ಉಲ್ಟಾ. ನಮ್ಮದು ರಾಜ್ಯದಲ್ಲೇ ಚಳಿ ಹೆಚ್ಚು ಬೀಳುವ ಜಿಲ್ಲೆಗಳಲ್ಲೊಂದು, ಹತ್ತು ಡಿಗ್ರಿಗಿಂತ ಕೆಳಗೆ ಇಳಿದ ನಸುಕುಗಳೂ ಉಂಟು. ಬಿಪಿ ಇದ್ದವರು, ದಮ್ಮು ಇದ್ದವರು ಆ ಥಂಡಿಯಲ್ಲಿ ಹೊರಬೀಳಬಾರದು. ಬಿಸಿಲು ಅಂಗಳಕ್ಕೆ ಬಂದ ಮೇಲೆ ಕಿವಿಗೆ ಟಾವೆಲ್ ಸುತ್ತಿಕೊಂಡು ಹೊರಡಿ. ಸಂಜೆ ನಡೆಯುವವರು ದನ ಮನೆಗೆ ಬರುವ ಹೊತ್ತಿಗೆ ಹಾದಿ ಬಿಟ್ಟುಬಿಡಿ. ಆ ಧೂಳು ಎದೆಗೆ ಒಳ್ಳೆಯದಲ್ಲ.

• ಡಾಂಬರು ರಸ್ತೆಯಲ್ಲಿ ಬಲಗಡೆ ನಡೆಯಿರಿ. ಗಾಡಿ ಎದುರಿಗೆ ಬರುವುದು ಕಾಣಬೇಕು. ಬೆನ್ನ ಹಿಂದಿನಿಂದ ಬರುವ ಗಾಡಿಯನ್ನು ಯಾರ ಕಣ್ಣೂ ನೋಡಲಾರದು. ಕಬ್ಬು ಕಡಿಯುವ ತಿಂಗಳುಗಳಲ್ಲಂತೂ ಜೋಡಿ ಟ್ರೇಲರ್ ಕಟ್ಟಿದ ಟ್ರಾಕ್ಟರು ಹಿಂದೆ ಕೆಂಪು ದೀಪವಿಲ್ಲದೆ ಓಡುತ್ತವೆ, ಹಿಂದಿನ ಟ್ರೇಲರ್ ಹಾವಿನ ಬಾಲದಂತೆ ಅತ್ತಿತ್ತ ಆಡುತ್ತದೆ. ಆಗ ಡಾಂಬರು ಬಿಟ್ಟು ಮಣ್ಣಿಗಿಳಿದು ನಿಂತು ದಾಟಿಸಿ. ನಸುಕಿಗೆ ಬಿಳಿ ಧೋತರ, ಬಿಳಿ ಟಾವೆಲ್ ಒಳ್ಳೆಯದು. ಕಪ್ಪು ಸ್ವೆಟರ್ ಹಾಕಿಕೊಂಡವರು ಕತ್ತಲೆಗೆ ಕತ್ತಲೆಯೇ ಆಗುತ್ತಾರೆ. ಪುಣೆ–ಹೈದರಾಬಾದ್ ಹೆದ್ದಾರಿಯ ಅಂಚಿನಲ್ಲಿ ವ್ಯಾಯಾಮಕ್ಕೆ ನಡೆಯುವುದು ಬೇಡವೇ ಬೇಡ.

• ಪಾದದ ಮಾತು ಸ್ವಲ್ಪ ಉದ್ದ ಹೇಳುತ್ತೇನೆ. ಸಕ್ಕರೆ ಬ್ಯಾನಿ ಹಳೆಯದಾದರೆ ಪಾದದ ಅರಿವು ಹೋಗುತ್ತದೆ. ಒಬ್ಬ ರೈತ, ಹೆಸರು ಬೇಡ, ನನ್ನ ಅಂಗಳದಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಚಪ್ಪಲಿಯ ಅಟ್ಟೆಯ ಕೆಳಗೆ ಜಾಲಿಮುಳ್ಳಿನ ಬುಡ ನನಗೆ ಕಂಡಿತು. ಚಪ್ಪಲಿ ಬಿಡಿಸಿ ನೋಡಿದರೆ ಮುಳ್ಳು ಅಟ್ಟೆ ದಾಟಿ ಹೆಬ್ಬೆರಳ ಬುಡಕ್ಕೆ ಹೊಕ್ಕಿತ್ತು. ಸುತ್ತ ಚರ್ಮ ಬೆಳ್ಳಗೆ ಬೆಂದಂತಾಗಿ, ನಡುವೆ ಕಪ್ಪು ಚುಕ್ಕೆ. ಎಂದು ಚುಚ್ಚಿತು ಅಂತ ಕೇಳಿದರೆ, "ಏನು ಚುಚ್ಚಿತು ಬಾಯಿ?" ಅಂದ. ಆ ಬೆರಳು ಉಳಿಯಲಿಲ್ಲ. ಅಂದಿನಿಂದ ನಾನು ಶುಗರ್ ಇದ್ದವರಿಗೆ ಹವಾಯಿ ಚಪ್ಪಲಿಯಲ್ಲಿ ಹೊಲದ ಹಾದಿಗೆ ಹೋಗಲು ಬಿಡುವುದಿಲ್ಲ. ಮುಂದೆ ಮುಚ್ಚಿದ, ದಪ್ಪ ಅಟ್ಟೆಯ ಕ್ಯಾನ್ವಾಸ್ ಬೂಟು, ಒಳಗೆ ಹತ್ತಿಯ ಕಾಲುಚೀಲ. ಬೂಟು ಸಂಜೆ ಹೊತ್ತು ಕೊಳ್ಳಿರಿ, ಪಾದ ಆಗ ಸ್ವಲ್ಪ ಉಬ್ಬಿರುತ್ತದೆ, ಅಳತೆ ಸರಿಯಾಗಿ ಸಿಗುತ್ತದೆ. ಹಾಕುವ ಮೊದಲು ಬೂಟು ಬೋರಲು ಹಾಕಿ ಬಡಿಯಿರಿ. ಚೇಳು ಕೂತಿರಬಹುದು, ಹರಳು ಇರಬಹುದು. ಬಂದ ಮೇಲೆ ಪಾದ ತೊಳೆದು, ಬೆರಳ ಸಂದಿ ಒರೆಸಿ, ಅಂಗಾಲು ಕಾಣದಿದ್ದರೆ ಕನ್ನಡಿ ನೆಲಕ್ಕಿಟ್ಟು ನೋಡಿ. ಕಣ್ಣು ಮಂಜಾದ ಹಿರಿಯರ ಪಾದವನ್ನು ಸೊಸೆಯೋ ಮೊಮ್ಮಗನೋ ನೋಡಬೇಕು. ಇದಕ್ಕೆ ನಾಚಿಕೆ ಪಡಬಾರದು.

• ಹರಕೆ ಹೊತ್ತು ಬರಿಗಾಲಲ್ಲಿ ಚಾಂಗಲೇರಾ ವೀರಭದ್ರೇಶ್ವರನ ಗುಡಿಗೆ ನಡೆಯುವ ಪದ್ಧತಿ ನಮ್ಮಲ್ಲಿದೆ. ನಾನೂ ನಡೆದವಳು. ಆ ಹಾದಿ ನನಗೆ ಬಹಳ ಪ್ರೀತಿಯದು. ಆದರೆ ಶುಗರ್ ಬಂದವರು ಬೂಟಿನಲ್ಲೇ ನಡೆದು ಗುಡಿಯ ಮೆಟ್ಟಿಲ ಹತ್ತಿರ ಬಿಡಿ. ಕಾಲು ಕಳಕೊಂಡು ಬಾ ಅಂತ ಯಾವ ದೇವರೂ ಕೇಳುವುದಿಲ್ಲ.

• ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಬರಿಹೊಟ್ಟೆಯಲ್ಲಿ ದೂರ ಹೋಗಬೇಡಿ. ಅರ್ಧ ರೊಟ್ಟಿಯಾದರೂ ತಿಂದು ಹೊರಡಿ. ಸೆರಗಿನ ತುದಿಗೆ ಅಥವಾ ಜೇಬಿಗೆ ಸಕ್ಕರೆ ಪುಡಿಕೆ ಇರಲಿ. ಕೈ ನಡುಗಿತು, ಬೆವರಿತು, ಕಣ್ಣು ಕತ್ತಲೆ ಬಂತು ಅಂದರೆ ಮೂರು ಚಮಚ ಸಕ್ಕರೆ ಬಾಯಿಗೆ ಹಾಕಿ ನೀರು ಕುಡಿದು ಹದಿನೈದು ನಿಮಿಷ ನೆರಳಿಗೆ ಕೂರಿ. ನಡುಕ ಹೋಗದಿದ್ದರೆ ಇನ್ನೊಮ್ಮೆ ಅಷ್ಟೇ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ, ಗಂಟಲಿಗೆ ಸಿಕ್ಕುತ್ತದೆ.

• ಹೆಣ್ಣುಮಕ್ಕಳಿಗೆ. "ಹೊಲದಾಗ ದುಡೀತೀವಿ, ಮತ್ಯಾಕ ನಡೀಬೇಕು" ಅಂತ ಕೇಳುತ್ತೀರಿ. ಕಳೆ ತೆಗೆಯುವಾಗ ಇಡೀ ದಿನ ಬಗ್ಗಿರುತ್ತೀರಿ, ಸೊಂಟ ಸವೆಯುತ್ತದೆ. ಕೈ ಬೀಸಿ, ಬೆನ್ನು ನೆಟ್ಟಗಿಟ್ಟು ನಡೆಯುವುದು ಬೇರೆ. ಸೆರಗು ಸಿಕ್ಕಿಸಿ, ನಿರಿಗೆ ಸ್ವಲ್ಪ ಮೇಲೆ ಉಡಿ. ಮೂರು ನಾಲ್ಕು ಮಂದಿ ಕೂಡಿ ಹೋಗಿ. ನಾನು ಮೊದಲ ಸಲ ಓಣಿಯ ಇಬ್ಬರು ಸೊಸೆಯಂದಿರನ್ನು ಕರೆದುಕೊಂಡು ಹೊರಟಾಗ ಕಟ್ಟೆಯ ಮೇಲೆ ಕೂತವರು ನಕ್ಕರು. ಮೂರನೇ ವಾರಕ್ಕೆ ಆ ಕಟ್ಟೆಯ ಮನೆಯ ಅತ್ತೆಯೇ ಚಪ್ಪಲಿ ಮೆಟ್ಟಿ ಬಂದಳು. ಬಸುರಿಯರೂ ಡಾಕ್ಟರು ಬೇಡ ಅನ್ನದಿದ್ದರೆ ಸಮನೆಲದಲ್ಲಿ ನಡೆಯಬಹುದು. ಊರ ಹತ್ತಿರದ ಹಾದಿ ಸಾಕು. ಸಂಡಾಸಕ್ಕೆ ಹೋಗಬೇಕಾದೀತು ಅಂತ ನೀರು ಕುಡಿಯದೆ ಹೊರಡುವುದು ನಮ್ಮ ಹೆಂಗಸರ ದೊಡ್ಡ ತಪ್ಪು. ಉರಿಮೂತ್ರ ಬರಲು ಅದೂ ಒಂದು ಕಾರಣ. ಹೋಗುವ ಮೊದಲು ಒಂದು ಲೋಟ, ಬಂದ ಮೇಲೆ ಎರಡು.

• ಇನ್ನೊಬ್ಬರ ಹೊಲದೊಳಗೆ ಹೋಗುವಾಗ ಒಡ್ಡಿನ ಮೇಲೆ ನಡೆಯಿರಿ, ಬಿತ್ತಿದ ಸಾಲು ತುಳಿಯಬೇಡಿ, ಒಡ್ಡಿನ ಕಲ್ಲು ಕೆಡವಬೇಡಿ. ಮಾಲಿಕರು ಕಂಡರೆ ಮಾತಾಡಿಸಿ ಮುಂದೆ ಹೋಗಿ. ಹಿಂಗಾರಿಯಲ್ಲಿ ಕಡಲೆ ಕಾಯಿ ಹಿಡಿದಾಗ ಅವರೇ ಕರೆದು ಸುಲಗಾಯಿ ಕೊಡುತ್ತಾರೆ, ಜೋಳ ಹಾಲುಗಾಳಾದಾಗ ಸೀತನಿ ಸುಟ್ಟು ಕೊಡುತ್ತಾರೆ. ನಡೆಯುವವರಿಗೆ ಅದಕ್ಕಿಂತ ಒಳ್ಳೆಯ ನಾಷ್ಟಾ ಇಲ್ಲ. ಸೀತನಿಗೆ ಬೆಲ್ಲ ಕಲಸುವುದನ್ನು ಶುಗರ್‌ನವರು ಬಿಡಬೇಕು.

• ಹೊಲದ ಸುತ್ತ ಕಟ್ಟಿದ ಯಾವ ತಂತಿಯನ್ನೂ ಮುಟ್ಟಬೇಡಿ. ಕಬ್ಬಿಗೂ ತೊಗರಿಗೂ ಹಂದಿಯ ಕಾಟ. ಕೆಲವರು ತಂತಿಗೆ ಕರೆಂಟು ಬಿಟ್ಟಿರುತ್ತಾರೆ, ನಸುಕಿಗೆ ಬಂದ್ ಮಾಡಲು ಮರೆತಿರುತ್ತಾರೆ. ಕಟ್ಟೆಯಿಲ್ಲದ ಹಳೆ ಬಾವಿಗಳೂ ಇವೆ, ಮಳೆಗಾಲದ ಹುಲ್ಲಿನಲ್ಲಿ ಬಾಯಿ ಕಾಣುವುದಿಲ್ಲ. ಗೊತ್ತಿಲ್ಲದ ಹೊಲದಲ್ಲಿ ಅಡ್ಡಹಾದಿ ಹುಡುಕಬೇಡಿ.

• ಹಾವಿನ ಬಗ್ಗೆ ಭಯಕ್ಕಿಂತ ಶಿಸ್ತು ಬೇಕು. ಕೈಯಲ್ಲಿ ಕೋಲು, ಮಬ್ಬಿಗೆ ಬ್ಯಾಟರಿ, ಹುಲ್ಲಿನಲ್ಲಿ ಕಾಲಿಡುವ ಮೊದಲು ಕೋಲಿನಿಂದ ನೆಲ ಬಡಿಯುವುದು. ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಮಂತ್ರ ಹಾಕುವವರ ಮನೆಗೆ ಒಯ್ಯಬೇಡಿ. ಉಂಗುರ, ಕಾಲುಂಗುರ, ಚೈನು ತೆಗೆಯಿರಿ, ಕಾಲನ್ನು ಕಟ್ಟಿಗೆಗೆ ಸಡಿಲವಾಗಿ ಕಟ್ಟಿ ಅಲುಗಾಡದಂತೆ ಮಾಡಿ, ನಡೆಸದೆ ಗಾಡಿಯಲ್ಲಿ ಸರಕಾರಿ ದವಾಖಾನೆಗೆ ಒಯ್ಯಿರಿ. ನಾಗರ, ಕಟ್ಟಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಒಂದೇ ಔಷಧ ಕೆಲಸ ಮಾಡುತ್ತದೆ. ಹಾವು ಹಿಡಿದು ತೋರಿಸಲು ಹೋಗಿ ಎರಡನೆಯವರೂ ಕಚ್ಚಿಸಿಕೊಳ್ಳುವುದು ಬೇಡ.

• ನಾಯಿ ಎದುರಾದರೆ ಓಡಬೇಡಿ, ನಿಂತು ಕೋಲು ನೆಲಕ್ಕಿಡಿ. ಕಚ್ಚಿದರೆ ಹರಿಯುವ ನೀರು, ಸಾಬೂನು, ಹದಿನೈದು ನಿಮಿಷ. ಅದೇ ದಿನ ಮೊದಲ ಸೂಜಿ, ಉಳಿದ ಸೂಜಿಗಳಲ್ಲಿ ಒಂದೂ ತಪ್ಪಬಾರದು. ಅರಿಶಿನ, ಖಾರದಪುಡಿ, ಸುಣ್ಣ ಹಚ್ಚಿಕೊಂಡು ಬಂದವರ ಗಾಯ ತೊಳೆದು ತೊಳೆದು ನನ್ನ ಕೈ ಸೋತಿದೆ.

• ದಿನದ ಹಾದಿ ರೂಢಿಯಾದ ಮೇಲೆ ತಿಂಗಳಿಗೊಮ್ಮೆ ಸ್ವಲ್ಪ ದೂರ ಹೋಗಿ ಬನ್ನಿ. ಸುಲಭದ್ದು ಅಂದರೆ ಹುಮನಾಬಾದ್‌ನಿಂದ ಮಾಣಿಕನಗರ. ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಬಂದು ನೆಲೆಸಿ, 1865ರಲ್ಲಿ ಸಮಾಧಿಯಾದ ಜಾಗ. ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುತ್ತಾರೆ. ಊರಿನಿಂದ ಸಮೀಪ, ಏರಿಲ್ಲ, ಕೂರಲು ನೆರಳಿದೆ. ಮೊಣಕಾಲು ನೋವಿನವರನ್ನು ನಾನು ಮೊದಲು ಅಲ್ಲಿಗೇ ಕರೆದೊಯ್ಯುತ್ತೇನೆ. ಹುಮನಾಬಾದ್ ತಾಲೂಕಿನದೇ ಇನ್ನೊಂದು ಊರು ಜಲಸಂಗಿ. ಅಲ್ಲಿ ಕಲ್ಮೇಶ್ವರ ಗುಡಿಯ ಗೋಡೆಯ ಮೇಲೆ ಒಬ್ಬ ಹೆಣ್ಣುಮಗಳು ನಿಂತು ಶಾಸನ ಬರೆಯುತ್ತಿದ್ದಾಳೆ. ಬರೆದದ್ದು ಆರನೆಯ ವಿಕ್ರಮಾದಿತ್ಯನ ಹೊಗಳಿಕೆ, ಆತ ಆಳಿದ್ದು 1076ರಿಂದ 1126ರವರೆಗೆ. ಅವಳು ಒಂದು ಕಾಲಿನ ಮೇಲೆ ಭಾರ ಹಾಕಿ, ಸೊಂಟ ಬಳುಕಿಸಿ ನಿಂತ ರೀತಿಯನ್ನು ಗುಡಿ ಸುತ್ತುವಾಗ ನೋಡಿ. ಒಂಬೈನೂರು ವರ್ಷದ ಹಿಂದೆ ಕೈಯಲ್ಲಿ ಬರೆಯುವ ಸಲಕರಣೆ ಹಿಡಿದ ಹೆಂಗಸನ್ನು ನಮ್ಮ ಸೀಮೆಯ ಶಿಲ್ಪಿ ಕಡೆದಿದ್ದಾನೆ ಅನ್ನುವುದು ನನಗೆ ಪ್ರತಿ ಸಲವೂ ಹೆಮ್ಮೆ.

• ಇಡೀ ಬೆಳಗು ಬಿಡುವಿದ್ದರೆ ಬಸವಕಲ್ಯಾಣ. ಇಡೀ ಊರೇ ಒಂದು ನಡಿಗೆಯ ಹಾದಿ. ಮಾನ್ಯಖೇಟದಿಂದ ರಾಜಧಾನಿಯನ್ನು ಚಾಲುಕ್ಯರ ಒಂದನೇ ಸೋಮೇಶ್ವರ ಇಲ್ಲಿಗೆ ತಂದ, ನೂರು ವರ್ಷದ ಮೇಲೆ ಶರಣರು ಇಲ್ಲಿ ನಡೆದಾಡಿದರು. ನಾನು ತ್ರಿಪುರಾಂತ ಕೆರೆಯಿಂದ ಶುರು ಮಾಡುತ್ತೇನೆ. ಬೆಳಗ್ಗೆ ಆರೂವರೆಗೆ ನೀರಿನ ಮೇಲೆ ಹೊಗೆಯಂಥ ಮಂಜು, ಅದರೊಳಗಿಂದ ಕೊಕ್ಕರೆ ಒಂದೊಂದೇ ಏಳುತ್ತವೆ. ಅಲ್ಲಿಂದ ಅನುಭವ ಮಂಟಪ, ಅಕ್ಕನಾಗಮ್ಮನ ಗವಿ, ಹಗ್ಗ ಹೊಸೆದು ಬದುಕಿದ ನುಲಿಯ ಚಂದಯ್ಯನ ಗವಿ, ದೋಣಿ ನಡೆಸಿದ ಅಂಬಿಗರ ಚೌಡಯ್ಯನ ಗವಿ. ಎಲ್ಲರೂ ಮೈಮುರಿದು ದುಡಿದವರು, ಕೂತುಂಡವರು ಯಾರೂ ಇಲ್ಲ. ಗವಿಗಳ ಒಳಗೆ ತಲೆ ಬಗ್ಗಿಸಿ ಹೋಗಬೇಕು, ಏಳುವಾಗ ಗೋಡೆ ಹಿಡಿದು ನಿಧಾನ ಏಳಿ, ಬಿಪಿ ಮಾತ್ರೆಯವರಿಗೆ ತಲೆ ತಿರುಗುತ್ತದೆ. ಆಮೇಲೆ ಪೇಟೆಯೊಳಗಿನ ಪರುಷಕಟ್ಟೆ, ಕೊನೆಗೆ ಕೋಟೆ. ಕೋಟೆಯನ್ನು ಕೊನೆಗಿಡುವುದು ಏಕೆಂದರೆ ಅಷ್ಟು ಹೊತ್ತಿಗೆ ಮೈ ಬಿಸಿಯಾಗಿ ಮೊಣಕಾಲು ಸಡಿಲವಾಗಿರುತ್ತದೆ. ಹತ್ತುವಾಗ ಉಸಿರು ಬಿಗಿಯುತ್ತದೆ, ಇಳಿಯುವಾಗ ಮೊಣಕಾಲು ಸವೆಯುತ್ತದೆ. ಮೆಟ್ಟಿಲಿಗೆ ಅಡ್ಡಲಾಗಿ ನಿಂತು ಒಂದೊಂದೇ ಹೆಜ್ಜೆ ಇಳಿಯಿರಿ. ಶ್ರಾವಣದಲ್ಲಿ ಪಾಚಿ ಕಟ್ಟಿದ ಕಲ್ಲು ಬಹಳ ಜಾರುತ್ತದೆ. ಊರಿನ ಅಂಚಿಗೆ 108 ಅಡಿಯ ಬಸವಣ್ಣನ ಮೂರ್ತಿ ದೂರದಿಂದಲೇ ಕಾಣುತ್ತದೆ, ಹುರುಪಿದ್ದವರು ಅಲ್ಲಿಗೂ ನಡೆದೇ ಹೋಗಿ.

• ಕಾಡಿನ ಆಸೆ ಇದ್ದವರಿಗೆ ಚಿಂಚೋಳಿ ಹತ್ತಿರ. ಅಲ್ಲಿನ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು, ಸುಮಾರು 135 ಚದರ ಕಿಲೋಮೀಟರ್, ಚಂದ್ರಂಪಳ್ಳಿ ಜಲಾಶಯ ಅದರ ನಡುವೆ. ಅರಣ್ಯ ಇಲಾಖೆಯನ್ನು ಕೇಳದೆ ಒಳಗೆ ಕಾಲಿಡಬೇಡಿ, ಗೊತ್ತಿದ್ದವರಿಲ್ಲದೆ ಹೋಗಬೇಡಿ. ಬೀದರಿನ ಝರಣಿ ನರಸಿಂಹನ ಗುಹೆಯನ್ನು ಮಾತ್ರ ವ್ಯಾಯಾಮದ ಲೆಕ್ಕಕ್ಕೆ ಹಿಡಿಯಬೇಡಿ. ಸುಮಾರು 300 ಮೀಟರ್ ಎದೆಮಟ್ಟದ ನೀರಿನಲ್ಲಿ ನಡೆಯಬೇಕು, ಒಳಗೆ ಗಾಳಿ ಕಡಿಮೆ. ದಮ್ಮು, ಹೃದಯದ ತೊಂದರೆ ಇದ್ದವರು ಹೊರಗಿನಿಂದಲೇ ಕೈ ಮುಗಿಯಿರಿ.

• ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ನಡೆದೇ ಹೋಗಿ. ಬುಟ್ಟಿಯಲ್ಲಿ ಭಜ್ಜಿ, ಕಡಕ್ ರೊಟ್ಟಿ, ಅಂಬಲಿ ಹೊತ್ತು ಸಾಲಾಗಿ ಹೋಗುತ್ತಿದ್ದ ಕಾಲ ನನಗೆ ನೆನಪಿದೆ. ಈಗ ಬುಟ್ಟಿಯೂ ಗಾಡಿಯಲ್ಲಿ, ಮನುಷ್ಯರೂ ಗಾಡಿಯಲ್ಲಿ. ಬುಟ್ಟಿ ಗಾಡಿಯಲ್ಲಿ ಬರಲಿ, ನೀವು ಮಕ್ಕಳ ಕೈ ಹಿಡಿದು ನಡೆಯಿರಿ. ತಮ್ಮ ಹೊಲದ ಹಾದಿ ಗೊತ್ತಿಲ್ಲದ ಮಕ್ಕಳು ಈಗ ಪ್ರತಿ ಮನೆಯಲ್ಲಿದ್ದಾರೆ, ಅದು ನನಗೆ ಬಹಳ ಸಂಕಟ.

• ಶೀಗೆ ಹುಣ್ಣಿಮೆಗೆ ತುಳಜಾಪುರದ ಅಂಬಾಭವಾನಿಗೆ ನಡೆದು ಹೋಗುವವರಿಗೆ ಕೊನೆಯದಾಗಿ. ನಮ್ಮ ಸೀಮೆಯಿಂದ ನೂರು ಕಿಲೋಮೀಟರಿಗೂ ಮಿಕ್ಕಿದ ಹಾದಿ. ಹುಡುಗರು ಹಿಂದಿನ ದಿನ ತೀರ್ಮಾನ ಮಾಡಿ ಹೊರಟುಬಿಡುತ್ತಾರೆ. ಎರಡು ತಿಂಗಳು ಮೊದಲೇ ದಿನಾ ನಡೆಯಲು ಶುರು ಮಾಡಿ, ಕೊನೆಯ ಎರಡು ವಾರ ಒಂದೊಂದು ದಿನ ಹದಿನೈದು ಕಿಲೋಮೀಟರು. ಹೊಸ ಬೂಟು ಹಾಕಿ ಹೋಗಬೇಡಿ, ಹಳೆಯದು ಪಾದಕ್ಕೆ ಒಗ್ಗಿರುತ್ತದೆ. ಜೋಡಿ ಕಾಲುಚೀಲ ಇಟ್ಟುಕೊಂಡು ಒದ್ದೆಯಾದದ್ದನ್ನು ಬದಲಿಸಿ, ಬೊಕ್ಕೆ ಏಳುವುದು ಒದ್ದೆಯಿಂದ. ಎದ್ದ ಬೊಕ್ಕೆಯನ್ನು ಸೂಜಿದಾರದಿಂದ ಒಡೆಯಬೇಡಿ, ಬಟ್ಟೆ ಸುತ್ತಿ ಭಾರ ಕಡಿಮೆ ಮಾಡಿ. ಹಾದಿಯುದ್ದಕ್ಕೂ ಜನ ಪುಣ್ಯಕ್ಕೆ ಅನ್ನ ಹಾಕುತ್ತಾರೆ, ಕಾಲು ಒತ್ತುತ್ತಾರೆ. ಹೊಟ್ಟೆ ಬಿರಿಯುವಷ್ಟು ಉಂಡು ಎದ್ದು ನಡೆಯಬೇಡಿ. ಒಆರ್‌ಎಸ್ ಪೊಟ್ಟಣ ಒಂದು ಲೀಟರ್ ನೀರಿಗೆ ಒಂದು, ಅರ್ಧ ಲೀಟರಿಗೆ ಇಡೀ ಪೊಟ್ಟಣ ಸುರಿಯಬಾರದು. ಬರುವಾಗ ಬಸ್ಸು ಹತ್ತಿ ಬನ್ನಿ. ಬಂದ ಮರುದಿನ ಮಲಗಿಬಿಡದೆ ಓಣಿಯಲ್ಲಿ ಹತ್ತು ನಿಮಿಷ ನಿಧಾನಕ್ಕೆ ಅಡ್ಡಾಡಿ, ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟು ಕೂರಿ. ಶುಗರ್ ಇದ್ದವರು ನೀರಿನ ಬಿಸಿಯನ್ನು ಪಾದದಿಂದ ನೋಡಬಾರದು, ಮೊಣಕೈ ಅದ್ದಿ ನೋಡಬೇಕು.